ಪುಟಗಳ ವಿಳಾಸ ಬದಲಿಸಿದರೆ ಗೂಗಲ್‌ನಲ್ಲಿನ ಸ್ಥಾನ ಉಳಿಯುತ್ತದೆಯೇ? ಅನುಭವವಿದ್ದವರು ತಿಳಿಸಿ

ಅಡಿಕೆ, ಕಾಳುಮೆಣಸಿನ ಬೆಳೆಗಾರರಿಗಾಗಿ ಕನ್ನಡದಲ್ಲಿ ಜಾಲತಾಣ ನಡೆಸುತ್ತಿದ್ದೇನೆ. ಜಾಲತಾಣ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿದೆ. ವಿಳಾಸಗಳೆಲ್ಲ ಕನ್ನಡ ಅಕ್ಷರಗಳಲ್ಲಿವೆ. ವಾಟ್ಸ್‌ಆ್ಯಪ್‌ನಲ್ಲಿ ಹಂಚಿದರೆ ಶೇಕಡಾ ಚಿಹ್ನೆಗಳ ಉದ್ದನೆಯ ಸಾಲಾಗಿ ಕಾಣುತ್ತವೆ. ಇಂಗ್ಲಿಷ್ ಅಕ್ಷರಗಳ ಚಿಕ್ಕ ವಿಳಾಸ ಕೊಡಬೇಕೆಂದಿದ್ದೇನೆ. ಓದುಗರಲ್ಲಿ ಹೆಚ್ಚಿನವರು ಗೂಗಲ್ ಹುಡುಕಾಟದಿಂದಲೇ ಬರುವವರು. ಅವರನ್ನು ಕಳೆದುಕೊಳ್ಳದೆ ಬದಲಿಸುವುದು ಹೇಗೆ?

ಮೊದಲ ಉತ್ತರ

ನಿಮ್ಮ ತೊಂದರೆ ನಿಜವಾದದ್ದೇ. ಕನ್ನಡದ ಅಕ್ಷರ, ಗುಣಿತದ ಚಿಹ್ನೆ, ಒತ್ತಕ್ಷರ ಮೂಡಿಸುವ ಹಲಂತ (್), ಒಂದೊಂದೂ ವಿಳಾಸದೊಳಗೆ ಒಂಬತ್ತು ಚಿಹ್ನೆಗಳಾಗಿ ಹಿಗ್ಗುತ್ತದೆ. ಶೀರ್ಷಿಕೆಯಿಂದ ಬರುವ ವಿಳಾಸದ ಭಾಗಕ್ಕೆಂದು ವರ್ಡ್‌ಪ್ರೆಸ್ ಇಟ್ಟಿರುವ ಜಾಗ 200 ಚಿಹ್ನೆಗಳದ್ದು. ‘ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ’ ಎಂದು ಶೀರ್ಷಿಕೆ ಕೊಟ್ಟು ನೋಡಿ, ವಿಳಾಸ ‘ಬೋರ್ಡೋ’ಗೇ ನಿಂತುಬಿಡುತ್ತದೆ; ದ್ರಾವಣಕ್ಕೆ ಜಾಗವಿಲ್ಲ. ಆದರೂ ಸ್ಥಾನ ಮೇಲೇರಲೆಂಬ ಆಸೆಯೊಂದರಿಂದಲೇ ಬದಲಿಸುವುದಾದರೆ ಖಂಡಿತ ಬೇಡ. ಕನ್ನಡ ವಿಳಾಸವನ್ನು ಗೂಗಲ್ ಸರಿಯಾಗಿಯೇ ಓದುತ್ತದೆ, ವಿಳಾಸದಲ್ಲಿರುವ ಪದಗಳಿಗೆ ಅದು ಕೊಡುವ ತೂಕವೂ ತೀರ ಕಡಿಮೆ.

ಬದಲಿಸಲೇಬೇಕೆಂದರೆ ಎಲ್ಲಕ್ಕಿಂತ ಮೊದಲು ಪಟ್ಟಿ ಮಾಡಿ: ಒಂದು ಕಾಲಂನಲ್ಲಿ ಹಳೆಯ ವಿಳಾಸ, ಪಕ್ಕದಲ್ಲಿ ಹೊಸದು. ತಾಣದ ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪ್ ಒಂದನ್ನೇ ನಂಬಬೇಡಿ. ಹುಡುಕಾಟದ ಅಂಕಿಅಂಶಗಳನ್ನು ಗೂಗಲ್ ತಾಣದವರಿಗೆ ತೋರಿಸುವ ಸರ್ಚ್ ಕನ್ಸೋಲ್‌ನಲ್ಲಿ ಕ್ಲಿಕ್ ಬರುತ್ತಿರುವ ಪುಟಗಳು, ಹೊರಗಿನ ತಾಣಗಳು ಕೊಂಡಿ ಕೊಟ್ಟಿರುವ ಪುಟಗಳು, ಸರ್ವರ್ ಲಾಗ್‌ನಲ್ಲಿ (ತಾಣಕ್ಕೆ ಬಂದ ಕೋರಿಕೆಗಳ ದಾಖಲೆ) ಜನ ಈಗಲೂ ಕೇಳುತ್ತಿರುವ ಪುಟಗಳು, ಮೂರನ್ನೂ ಸೇರಿಸಿ. ಬಳಿಕ ಪ್ರತಿ ಹಳೆಯ ಪುಟದಿಂದ ಅದರದೇ ಹೊಸ ಪುಟಕ್ಕೆ 301 ಮರುನಿರ್ದೇಶನ ಕೊಡಿ, ಅಂದರೆ ಹಳೆಯದನ್ನು ಕೇಳಿದವರನ್ನು ಶಾಶ್ವತವಾಗಿ ಹೊಸದಕ್ಕೆ ಕಳಿಸುವ ಸೂಚನೆ. 302 ತಾತ್ಕಾಲಿಕ ಬದಲಾವಣೆಯ ಸೂಚನೆ, ಇಲ್ಲಿಗೆ ಸಲ್ಲದು.

ಹಳೆಯ ವಿಳಾಸಗಳನ್ನೆಲ್ಲ ಮುಖಪುಟಕ್ಕೆ ತಿರುಗಿಸುವ ಅಡ್ಡದಾರಿ ಮಾತ್ರ ಹಿಡಿಯಬೇಡಿ. ನನಗೆ ಗೊತ್ತಿರುವ ಒಂದು ತಾಣದಲ್ಲಿ ಹೊಸ ವಿನ್ಯಾಸ ಮಾಡಿಕೊಟ್ಟವರು ಹೀಗೇ ಮಾಡಿದ್ದರು. ಇಂಥ ಮರುನಿರ್ದೇಶನವನ್ನು ಗೂಗಲ್ ‘ಪುಟವೇ ಇಲ್ಲ’ ಎಂಬ ಲೆಕ್ಕಕ್ಕೆ ಹಾಕುತ್ತದೆ. ಅಲ್ಲಿನ ಒಳ್ಳೆಯ ಲೇಖನಗಳು ಫಲಿತಾಂಶದಿಂದ ಒಂದೊಂದಾಗಿ ಮಾಯವಾದವು. ಕೊಳೆರೋಗದ ಪರಿಹಾರ ಹುಡುಕಿ ಬಂದ ರೈತನಿಗೆ ಮುಖಪುಟ ತೋರಿಸಿದರೆ ಅವನಾದರೂ ಯಾಕೆ ಉಳಿಯುತ್ತಾನೆ?

ಎರಡನೆಯ ಉತ್ತರ

ವರ್ಡ್‌ಪ್ರೆಸ್‌ನ ಒಳಗುಟ್ಟು ಸ್ವಲ್ಪ ಸೇರಿಸುತ್ತೇನೆ. ಪ್ರಕಟವಾದ ಲೇಖನದ ವಿಳಾಸವನ್ನು ಸಂಪಾದನೆಯ ಪರದೆಯಲ್ಲೇ ಬದಲಿಸಿದರೆ ಹಳೆಯದನ್ನು ಅದು ನೆನಪಿಟ್ಟುಕೊಂಡು ತಾನೇ 301 ಕೊಡುತ್ತದೆ. ಲೇಖನವಲ್ಲದ ‘ಪೇಜ್’ಗಳಿಗೂ ವರ್ಗಗಳಿಗೂ ಈ ಸೌಲಭ್ಯವಿಲ್ಲ. ಡೇಟಾಬೇಸ್‌ನಲ್ಲಿ ನೇರವಾಗಿ ತಿದ್ದಿದರೂ ಸಿಗುವುದಿಲ್ಲ.

ಅಪಾಚೆ ಸರ್ವರ್‌ನಲ್ಲಿ ಮರುನಿರ್ದೇಶನದ ನಿಯಮ ಬರೆಯುವವರು ಗಮನಿಸಿ: ಅದು ಹೋಲಿಸುವುದು ಶೇಕಡಾ ಚಿಹ್ನೆಗಳನ್ನು ಬಿಡಿಸಿದ ನಂತರದ ರೂಪವನ್ನು. ಆದ್ದರಿಂದ ಹಳೆಯ ವಿಳಾಸವನ್ನು ಯೂನಿಕೋಡ್ ಕನ್ನಡದಲ್ಲೇ ಬರೆಯಬೇಕು. ಅದನ್ನೂ ಕೈಯಿಂದ ಟೈಪ್ ಮಾಡದೆ ಲಾಗ್‌ನಿಂದ ತೆಗೆದುಕೊಳ್ಳಿ. ‘ಸಾಫ್ಟ್‌ವೇರ್’ನಂಥ ಪದದ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ. ಹಳೆಯ ವಿಳಾಸದಲ್ಲಿ ಅದಿದ್ದು ನಿಮ್ಮ ನಿಯಮದಲ್ಲಿ ಇಲ್ಲದಿದ್ದರೆ ಎರಡೂ ಹೊಂದುವುದೇ ಇಲ್ಲ, ಎಷ್ಟು ದಿಟ್ಟಿಸಿದರೂ ಕಾರಣ ತಿಳಿಯುವುದಿಲ್ಲ.

ಮೂರನೆಯ ಉತ್ತರ

ಸಮಯದ ಬಗ್ಗೆ ಯಾರೂ ಹೇಳಲಿಲ್ಲ. ದಯವಿಟ್ಟು ಮಳೆಗಾಲದ ಹೊಸ್ತಿಲಲ್ಲಿ ಕೈಹಾಕಬೇಡಿ. ಬೆಳೆಗಾರರು ಔಷಧಿ ಸಿಂಪಡಿಸಲು ಸಿದ್ಧರಾಗುವ ಹೊತ್ತು ಅದು, ನಿಮ್ಮ ತಾಣ ಅವರಿಗೆ ಬೇಕಾಗುವುದೂ ಆಗಲೇ. ಎಲ್ಲ ಸರಿಯಾಗಿ ಮಾಡಿದರೂ ಸ್ಥಾನ ಕೆಲವು ವಾರ ಅಲುಗಾಡುವುದು ಸಹಜ. ಬೇಸಿಗೆಯ ಮೊದಲ ಭಾಗದಲ್ಲಿ ಮಾಡಿ ಮುಗಿಸಿದರೆ ತಣ್ಣಗಾಗಲು ಅವಕಾಶ ಸಿಗುತ್ತದೆ. ಅದೇ ವಾರ ವಿನ್ಯಾಸವನ್ನೂ ಬದಲಿಸಬೇಡಿ, ಏನಾದರೂ ಕುಸಿದರೆ ಯಾವುದರಿಂದ ಎಂದು ಹೇಳಲಾಗುವುದಿಲ್ಲ.

ಲೇಖನಗಳ ಒಳಗಿನ ಕೊಂಡಿಗಳು, ಕೆನಾನಿಕಲ್ ಟ್ಯಾಗ್ (ಪುಟದ ಅಧಿಕೃತ ವಿಳಾಸ ತಿಳಿಸುವ ಗುರುತು), ಸೈಟ್‌ಮ್ಯಾಪ್ ಎಲ್ಲವೂ ನೇರವಾಗಿ ಹೊಸ ವಿಳಾಸವನ್ನೇ ತೋರಿಸಲಿ. ಹಳೆಯ ವಿಳಾಸಗಳನ್ನು ಯಾವುದನ್ನು ಓದಬಾರದೆಂದು ಹುಡುಕಾಟ ಯಂತ್ರಗಳಿಗೆ ಹೇಳುವ ರೋಬೋಟ್ಸ್ ಫೈಲ್‌ನಲ್ಲಿ ತಡೆಯಬೇಡಿ. ತಡೆದರೆ ಗೂಗಲ್‌ಗೆ 301 ಕಾಣುವುದೇ ಇಲ್ಲ. ಸರ್ಚ್ ಕನ್ಸೋಲ್‌ನ ವಿಳಾಸ ಬದಲಾವಣೆ ಸಾಧನ ಇಡೀ ಡೊಮೇನ್ ಬದಲಿಸುವವರಿಗೆ ಮೀಸಲು, ನಿಮಗಲ್ಲ. ಮರುನಿರ್ದೇಶನವನ್ನು ಕನಿಷ್ಠ ಒಂದು ವರ್ಷ ಇಡಿ ಎಂದು ಗೂಗಲ್ ಹೇಳುತ್ತದೆ. ನಾನಾದರೆ ತೆಗೆಯುವುದೇ ಇಲ್ಲ: ರೈತರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಳೆಯ ಕೊಂಡಿಗಳು ವರ್ಷಾನುಗಟ್ಟಲೆ ಓಡಾಡುತ್ತಿರುತ್ತವೆ. ಬದಲಿಸಿದ ಮೊದಲ ತಿಂಗಳು 404 (ಪುಟ ಸಿಗಲಿಲ್ಲ) ದೋಷಗಳ ಪಟ್ಟಿಯನ್ನು ದಿನವೂ ನೋಡಿ, ಬಿಟ್ಟುಹೋದದ್ದು ಸಿಕ್ಕಿದ ಕೂಡಲೇ ಸೇರಿಸುತ್ತಾ ಹೋಗಿ.