ಸಿಂಗಪುರ ಪ್ರವಾಸ: ನಗದು ಎಷ್ಟು, ಕಾರ್ಡ್ ಯಾವುದು?

ಪ್ರಶ್ನೆ (ದಾವಣಗೆರೆಯ ಸದಸ್ಯೆ): ಸರ್, ಬೇಸಿಗೆ ರಜೆಗೆ ನಾವಿಬ್ಬರು, ಇಬ್ಬರು ಮಕ್ಕಳು, ನಮ್ಮತ್ತೆ ಸಿಂಗಪುರಕ್ಕೆ ಹೊರಟಿದ್ದೀವಿ. ಟಿಕೆಟ್ಟು, ಹೋಟೆಲ್ಲು ಆಗಿದೆ. ಕೈಖರ್ಚಿಗೆ ಪೂರ್ತಿ ನಗದೇ ಒಯ್ಯೋಣ ಅಂತಾರೆ ನಮ್ಮನೆಯವರು. ವಿದೇಶಿ ಹಣ ಮೊದಲೇ ತುಂಬಿಸಿಡೋ ಫಾರೆಕ್ಸ್ ಕಾರ್ಡ್ ಮಾಡಿಸು ಅಂತಾನೆ ತಮ್ಮ. ಹಣ ಬದಲಾಯಿಸಿಕೊಡೋ ಒಬ್ಬ ಏಜೆಂಟರು "ನಮ್ಮಲ್ಲಿ ಕಮಿಷನ್ನೇ ಇಲ್ಲ" ಅಂತಿದ್ದಾರೆ. ಏನು ಮಾಡೋದು?

ಉತ್ತರ (ಬ್ಯಾಂಕಿನ ವಿದೇಶಿ ವಿನಿಮಯ ವಿಭಾಗ): ಮೇಡಂ, ಕಮಿಷನ್ ಇಲ್ಲ ಅನ್ನುವ ಮಾತಿಗೆ ಮರುಳಾಗಬೇಡಿ. ಅವರ ಲಾಭ ದರದೊಳಗೇ ಸೇರಿರುತ್ತದೆ. ಒಂದೇ ದಿನ ಎರಡು ಮೂರು ಕಡೆ ಫೋನ್ ಮಾಡಿ, "1,000 ಸಿಂಗಪುರ ಡಾಲರ್ ನನ್ನ ಕೈಗೆ ಬರಬೇಕಾದರೆ ಜಿಎಸ್‌ಟಿ ಸೇರಿ ಒಟ್ಟು ಎಷ್ಟು ರೂಪಾಯಿ?" ಅಂತ ಕೇಳಿ. ಆಗ ನಿಜವಾದ ದರ ಗೊತ್ತಾಗುತ್ತದೆ. ಏರ್‌ಪೋರ್ಟ್‌ವರೆಗೂ ಕಾಯಬೇಡಿ, ಅಲ್ಲಿ ದರ ದುಬಾರಿ. ಬಿಲ್ ತಪ್ಪದೆ ತೆಗೆದಿಟ್ಟುಕೊಳ್ಳಿ.

ಪೂರ್ತಿ ನಗದು ಬೇಡ. ಸಿಂಗಪುರದಲ್ಲಿ ಬಹುತೇಕ ಕಡೆ ಕಾರ್ಡ್ ನಡೆಯುತ್ತದೆ. ತಿಂಡಿ ಅಂಗಡಿ, ಭಾರತೀಯರ ಅಂಗಡಿಗಳಿರುವ ಲಿಟಲ್ ಇಂಡಿಯಾ ಬಡಾವಣೆಯ ಸಣ್ಣಪುಟ್ಟ ಖರೀದಿಗೆ ಸಾಕಾಗುವಷ್ಟು ನೋಟು ಇರಲಿ. ಉಳಿದದ್ದು ಫಾರೆಕ್ಸ್ ಕಾರ್ಡಿಗೆ. ಅದಕ್ಕೆ ಸಿಂಗಪುರ ಡಾಲರನ್ನೇ ತುಂಬಿಸಿ. ಅಮೆರಿಕನ್ ಡಾಲರ್ ತುಂಬಿಸಿ ಅಲ್ಲಿ ಬಳಸಿದರೆ ಇನ್ನೊಮ್ಮೆ ಪರಿವರ್ತನೆಯಾಗಿ ಶುಲ್ಕ ಬೀಳುತ್ತದೆ.

ಜೊತೆಗೆ ಒಂದು ಕ್ರೆಡಿಟ್ ಕಾರ್ಡ್ ಇರಲಿ, ಮುಖ್ಯವಾಗಿ ಹೋಟೆಲ್ ಡೆಪಾಸಿಟ್‌ಗೆ. ಫಾರೆಕ್ಸ್ ಕಾರ್ಡ್ ಕೊಟ್ಟರೆ ಆ ಮೊತ್ತ ಲಾಕ್ ಆಗಿ, ನೀವು ಊರಿಗೆ ಬಂದಮೇಲೂ ಬಿಡುಗಡೆ ಆಗದೇ ಇರಬಹುದು. ಆದರೆ ಎಲ್ಲಕ್ಕೂ ಕ್ರೆಡಿಟ್ ಕಾರ್ಡ್ ಉಜ್ಜಬೇಡಿ. ವಿದೇಶಿ ಖರ್ಚಿನ ಮೇಲೆ ಬ್ಯಾಂಕ್ ಹಾಕುವ ಶುಲ್ಕ (ಮಾರ್ಕಪ್) 3.5% ಇದ್ದರೆ 1 ಲಕ್ಷ ರೂಪಾಯಿ ಖರ್ಚಿಗೆ 3,500, ಅದರ ಮೇಲೆ 18% ಜಿಎಸ್‌ಟಿ 630, ಒಟ್ಟು 4,130 ರೂಪಾಯಿ ಸುಮ್ಮನೆ ಹೋಯಿತು. ಕ್ರೆಡಿಟ್ ಕಾರ್ಡಿನಿಂದ ಎಟಿಎಂನಲ್ಲಿ ನಗದಂತೂ ತೆಗೆಯಲೇಬೇಡಿ, ಆ ದಿನದಿಂದಲೇ ಬಡ್ಡಿ ಶುರು.

ಇನ್ನೊಂದು ವಿಷಯ ಮನೆಯವರೆಲ್ಲರಿಗೂ ಹೇಳಿಡಿ. ಅಂಗಡಿಯ ಮಷಿನ್ನು "ರೂಪಾಯಿಯಲ್ಲೋ, ಸಿಂಗಪುರ ಡಾಲರಿನಲ್ಲೋ?" ಅಂತ ಕೇಳುತ್ತದೆ. ರೂಪಾಯಿ ಕಂಡರೆ ನಮಗೆ ಸಮಾಧಾನ, ಲೆಕ್ಕ ಸುಲಭ. ಆದರೆ ಆ ದರ ಗೊತ್ತುಮಾಡುವವರು ಅಂಗಡಿಯ ಕಡೆಯವರು, ಸಾಮಾನ್ಯವಾಗಿ ಅದು ತುಟ್ಟಿ. ಅದರ ಮೇಲೂ ಕೆಲವು ಬ್ಯಾಂಕುಗಳು ಶುಲ್ಕ ಹಾಕುತ್ತವೆ. ಯಾವಾಗಲೂ ಡಾಲರ್ ಒತ್ತಿ. ಎಷ್ಟೋ ಗ್ರಾಹಕರು ಈ ಒಂದು ಗುಂಡಿಯಿಂದ ಹಣ ಕಳೆದುಕೊಳ್ಳುವುದನ್ನು ನೋಡಿ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಹೊರಡುವ ಮೊದಲು ಬ್ಯಾಂಕಿನ ಆ್ಯಪ್‌ನಲ್ಲಿ ಕ್ರೆಡಿಟ್, ಡೆಬಿಟ್ ಕಾರ್ಡುಗಳ ವಿದೇಶಿ ಬಳಕೆ ಆನ್ ಮಾಡಿ, ಮಿತಿ ಹಾಕಿ. ಒಟಿಪಿ ಬರುವ ಸಿಮ್ ಜೊತೆಗಿರಲಿ.

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯರು): ಸರ, ಅಲ್ಲೆ ಯುಪಿಐ ನಡೀತದಂತಲ್ಲ? ಹಂಗಾದ್ರ ಕಾರ್ಡ್ ಯಾಕ ಬೇಕು?

ಉತ್ತರ: ಕೆಲವು ಅಂಗಡಿಗಳಲ್ಲಿ ನಡೆಯುತ್ತದೆ, ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಪಾವತಿ ಆನ್ ಮಾಡಿಕೊಂಡಿರಬೇಕು. 2023ರ ಫೆಬ್ರುವರಿಯಲ್ಲಿ ಶುರುವಾದ ಯುಪಿಐ–ಪೇನೌ (ಸಿಂಗಪುರದ ಹಣ ವರ್ಗಾವಣೆ ವ್ಯವಸ್ಥೆ) ಜೋಡಣೆ ಬೇರೆ, ಅದು ಒಬ್ಬರಿಂದ ಒಬ್ಬರಿಗೆ ಹಣ ಕಳಿಸಲು. ಯುಪಿಐ ಒಂದನ್ನೇ ನಂಬಿ ಹೋಗಬೇಡಿ.

ಪ್ರಶ್ನೆ (ದಾವಣಗೆರೆಯ ಸದಸ್ಯೆ): ತುಂಬಾ ಥ್ಯಾಂಕ್ಸ್ ಸರ್. ಅತ್ತೆ ಸಸ್ಯಾಹಾರಿ. ಊಟ, ಓಡಾಟದಲ್ಲಿ ಎಲ್ಲಿ ಉಳಿಸಬಹುದು?

ಉತ್ತರ: ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆಯ ಆಸುಪಾಸಿನಲ್ಲಿ ಇಡ್ಲಿ, ದೋಸೆಗೆ ಕೊರತೆಯಿಲ್ಲ. ಟೆಕ್ಕಾ ಸೆಂಟರ್‌ನಂಥ ಹಾಕರ್ ಸೆಂಟರ್‌ಗಳಲ್ಲಿ (ಸಣ್ಣ ಊಟದಂಗಡಿಗಳೆಲ್ಲ ಒಂದೇ ಕಡೆ ಇರುವ ಜಾಗ) ಊಟ ಅಗ್ಗ. ರೆಸ್ಟೋರೆಂಟ್ ಮೆನುವಿನಲ್ಲಿ ಬೆಲೆಯ ಪಕ್ಕ ಎರಡು ಪ್ಲಸ್ ಗುರುತಿದ್ದರೆ 10% ಸರ್ವಿಸ್ ಚಾರ್ಜು, ಆಮೇಲೆ ಅಲ್ಲಿನ 9% ಜಿಎಸ್‌ಟಿ ಸೇರುತ್ತದೆ. 20 ಡಾಲರ್ ಊಟಕ್ಕೆ ಹತ್ತಿರ ಹತ್ತಿರ 24 ಡಾಲರ್. ನಲ್ಲಿ ನೀರು ಕುಡಿಯಬಹುದು, ಬಾಟಲಿ ಒಯ್ಯಿರಿ.

ಮೆಟ್ರೊ, ಬಸ್ಸಿಗೆ ನಮ್ಮ ಬ್ಯಾಂಕ್ ಕಾರ್ಡನ್ನೇ ತಾಗಿಸಬಹುದು. ಆದರೆ ಒಬ್ಬೊಬ್ಬರಿಗೂ ಬೇರೆ ಕಾರ್ಡ್ ಬೇಕು, ವಿದೇಶಿ ಕಾರ್ಡಿಗೆ ಬಳಸಿದ ದಿನಕ್ಕೆ 60 ಸೆಂಟ್ ಹೆಚ್ಚುವರಿ. ನಿಮ್ಮಂಥ ದೊಡ್ಡ ಕುಟುಂಬಕ್ಕೆ ಮೊದಲೇ ಹಣ ತುಂಬಿಸಿಡುವ ಅಲ್ಲಿನ ಪ್ರಯಾಣದ ಈಝೀ-ಲಿಂಕ್ ಕಾರ್ಡೇ ವಾಸಿ.

ದೊಡ್ಡ ಖರೀದಿಯನ್ನು ಒಂದೇ ಅಂಗಡಿಯಲ್ಲಿ ಮಾಡಿ. ಕನಿಷ್ಠ 100 ಡಾಲರ್ ಆದರೆ ಪ್ರವಾಸಿಗರಿಗೆ ಜಿಎಸ್‌ಟಿ ವಾಪಸ್ ಸಿಗುತ್ತದೆ, ಆ ಸೌಲಭ್ಯ ಕೊಡುವ ಅಂಗಡಿಯೇ ಅಂತ ಕೇಳಿ ಪಾಸ್‌ಪೋರ್ಟ್ ತೋರಿಸಿ. ಚಾಂಗಿ ಏರ್‌ಪೋರ್ಟಿನಲ್ಲಿ ಲಗೇಜು ಕೊಡುವ ಮುಂಚೆಯೇ ಕಿಯಾಸ್ಕ್‌ನಲ್ಲಿ ಕ್ಲೇಮ್ ಮಾಡಬೇಕು, ಸ್ವಲ್ಪ ಬೇಗ ತಲುಪಿ. ನೋಟು ಉಳಿದರೆ ಇಲ್ಲಿ ಮಾರಬಹುದು. ನಾಣ್ಯ ಯಾರೂ ಕೊಳ್ಳುವುದಿಲ್ಲ, ಮಕ್ಕಳಿಗೆ ಅಲ್ಲೇ ಏನಾದರೂ ಕೊಡಿಸಿಬಿಡಿ.