ಪದ ಬೇಕಿದೆ: ಪಿಕಪ್ ಗಾಡಿಯ ಫ್ಯುಯೆಲ್ ಫಿಲ್ಟರ್ (ಸಂಜೆಯೊಳಗೆ)

ಬೆಳಗಾವಿಯಿಂದ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರದಲ್ಲಿದ್ದೇನೆ. ಇಲ್ಲಿಯ ಒಂದು ಬಿಡಿಭಾಗದ ಅಂಗಡಿಗೆ ಎರಡು ಪುಟದ ಹಾಳೆ ಅನುವಾದ ಮಾಡುತ್ತಿದ್ದೇನೆ. ಪಿಕಪ್ ಗಾಡಿಯ ಫ್ಯುಯೆಲ್ ಫಿಲ್ಟರನ್ನು ಮನೆಯಲ್ಲೇ ಬದಲಿಸುವುದು ಹೇಗೆ ಅಂತ. ಫಿಲ್ಟರಿನ ಡಬ್ಬಿ ಜೊತೆ ಕೊಡ್ತಾರಂತೆ. ಆರು ಗಂಟೆಗೆ ಪ್ರೆಸ್ಸಿಗೆ ಹೋಗಬೇಕು. ಓದುವವರು ತರಕಾರಿ, ಹಾಲಿನ ಕ್ಯಾನು ಹೇರುವ ಮಂದಿ.

"ಇಂಧನ ಶೋಧಕ" ಅಂತ ಬರೆದಿದ್ದೆ. ಅಂಗಡಿಯ ಹುಡುಗ ಓದಿ, "ಸರ, ಇವರು ಎಣ್ಣಿ ಬಾವಿ ಹುಡುಕೋ ಮಂದಿ ಏನ್ರಿ?" ಅಂದ. ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಹೊಡೆದುಹಾಕಿದೆ. ಏನು ಬರೆಯಲಿ?

ಇನ್ನೊಂದು, ಪ್ರೈಮ್ ಮಾಡುವುದು. ಹೊಸ ಫಿಲ್ಟರ್ ಕೂರಿಸಿದ ಮೇಲೆ, ಅಲ್ಲೇ ಇರುವ ರಬ್ಬರ್ ಗುಂಡಿ ಒತ್ತಿ ಒತ್ತಿ, ಟ್ಯಾಂಕಿನಿಂದ ಡೀಸೆಲ್ ಎಳೆದು ಒಳಗಿನ ಗಾಳಿ ಹೊರಹಾಕುತ್ತಾರಲ್ಲ, ಅದು. ಒಂದೇ ಪದ ಇದೆಯಾ?

ಬಾಗಲಕೋಟೆಯಿಂದ:

ಇಂದನ, ಶೋದಕ ಎರಡೂ ಸಂಸ್ಕ್ರುತ. ಕನ್ನಡಕ್ಕೆ ಉರುವಲು ಇದೆ, ಸೋಸು ಇದೆ. ಉರುವಲು ಸೋಸುಕ. ಪ್ರಯ್ಮ್ ಮಾಡು ಎಂದರೆ ಮುನ್ನೂಡು, ಮೊದಲೇ ಉಣಿಸು ಎಂದು. ಇದರಲ್ಲಿ ಕೇಳುವಂತದ್ದೇನಿದೆ?

ವಿಜಯಪುರದಿಂದ:

ಉರುವಲು ಅಂದರೆ ನಮ್ಮವ್ವ ಹಿತ್ತಲಿಗೆ ಹೋಗಿ ಕುಳ್ಳು, ಕಟ್ಟಿಗೆ ತರ್ತಾಳೆ. ಅದನ್ನು ಯಾವ ಅರಿವೆಯಲ್ಲಿ ಸೋಸೋಣ?

ನಮ್ಮ ಕಡೆ ಗಾಳಿಸು ಅನ್ನುವ ಚೊಕ್ಕ ಮಾತಿದೆ. ಚಹಾ ಗಾಳಿಸುತ್ತೇವೆ, ಗಾಳಿಸುವುದಕ್ಕೆ ಗಾಳಣಿ. ಹಾಗಾಗಿ ಡೀಸೆಲ್ ಗಾಳಣಿ. ಮರಾಠಿಯಲ್ಲೂ ಗಾಳಣಿ ಇದೆ ಅಂತ ಯಾರೂ ಮೂಗು ಮುರಿಯಬೇಡಿ. ಸಂಸ್ಕೃತದಲ್ಲಿ ಗಲ್ ಅಂದರೆ ತೊಟ್ಟಿಕ್ಕು, ಗಾಲಯತಿ ಅಂದರೆ ತೊಟ್ಟಿಕ್ಕುವಂತೆ ಮಾಡು. ಬೇರು ಅಲ್ಲಿದೆ. ಈ ಪದದ ಹಿಂದೆ ನಾನು ಬಹಳ ವರ್ಷದಿಂದ ಬಿದ್ದಿದ್ದೇನೆ. ಬೇಕಾದರೆ ಬೇರೆ ಪತ್ರದಲ್ಲಿ ವಿವರವಾಗಿ ಬರೆಯುತ್ತೇನೆ.

ಬಾಗಲಕೋಟೆಯಿಂದ:

ಹಾಗಾದರೆ ಅದೂ ಸಂಸ್ಕ್ರುತವೇ. ಬೇಡ.

ಗೋಕಾಕದಿಂದ:

ಗಾಳಣಿ ಬೇಡ ಅನ್ನುವುದಕ್ಕೆ ನನ್ನ ಕಾರಣ ಬೇರೆ. ಅದೇ ಗಾಡಿಯಲ್ಲಿ ಏರ್ ಫಿಲ್ಟರೂ ಇದೆ. ಗಾಳಣಿ ಅಂತ ಓದಿದವನ ಕೈ ಸೀದಾ ಗಾಳಿಯ ಕಡೆ ಹೋಗುತ್ತದೆ. ವಿಜಯಪುರದ ಮಾಸ್ತರೇ, ಆಮೇಲೆ ಏರ್ ಫಿಲ್ಟರಿಗೆ ಏನಂತೀರಿ? ಗಾಳಿ ಗಾಳಣಿಯಾ?

ಮುನ್ನೂಡು ಇನ್ನೂ ಅಪಾಯ. ಕಳೆದ ಮಳೆಗಾಲದಲ್ಲಿ ನಮ್ಮ ಮನೆ ಅಂಗಳದಲ್ಲೇ ಈ ಕೆಲಸ ಮಾಡಿದೆವು. ಇಂಜಿನ್ ಆರಿತ್ತು. ಕೆಳಗೆ ಹಳೆ ಬೋಗುಣಿ ಇಟ್ಟು ತಳದ ತಿರುಪು ಸಡಿಲಿಸಿದೆ. ಮೊದಲು ಬಂದದ್ದು ನೀರು. ಡೀಸೆಲ್‌ಗಿಂತ ನೀರು ಭಾರ, ತಳದಲ್ಲೇ ಕೂತಿರುತ್ತದೆ. ಅರ್ಧ ಚಹಾ ಲೋಟದಷ್ಟು ಇಳಿಯಿತು, ಹಿಂದೆಯೇ ಕರ್ರಗಿನ ಡೀಸೆಲ್. ಹಳೆಯದನ್ನು ಬಿಚ್ಚಿ, ಹೊಸದರ ರಬ್ಬರ್ ರಿಂಗಿಗೆ ಬೆರಳಲ್ಲಿ ಡೀಸೆಲ್ ಸವರುತ್ತಿದ್ದೆ. ಅಷ್ಟರಲ್ಲಿ ನಮ್ಮ ಅಳಿಯ ಕ್ಯಾನು ಹಿಡಿದು ಬಂದ. "ಮಾವಾ, ಮೊದಲ ತುಂಬಿಸಿಬಿಡ್ತೀನಿ, ಲಗೂ ಚಾಲೂ ಆಗ್ತದ." ಹಳೆ ಇಂಜಿನ್ನಿನಲ್ಲಿ ಹಾಗೆ ಮಾಡುತ್ತಿದ್ದರು, ನಡೆಯುತ್ತಿತ್ತು. ಈಗಿನ ಕಾಮನ್ ರೈಲ್ ಇಂಜಿನ್ನಿಗೆ, ಅಂದರೆ ಒಂದೇ ಪೈಪಿನಿಂದ ಭಾರಿ ಒತ್ತಡದಲ್ಲಿ ಡೀಸೆಲ್ ಹಂಚುವ ಇಂಜಿನ್ನಿಗೆ, ಮಾಡಬಾರದು. ಸೋಸದ ಡೀಸೆಲ್ ಫಿಲ್ಟರಿನ ಸ್ವಚ್ಛ ಬದಿಗೆ ಬಿದ್ದರೆ ಕಸ ನೇರವಾಗಿ ಪಂಪಿಗೆ, ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿಗೆ. ಇಂಜೆಕ್ಟರಿನ ತೂತು ಸುಮಾರು 0.1 ಮಿಲಿಮೀಟರ್, ಕೂದಲೆಳೆಯ ಲೆಕ್ಕ. ಕೈ ಹಿಡಿದು ನಿಲ್ಲಿಸಿದೆ.

ಈಗ ಹೇಳಿ. ಹಾಳೆಯಲ್ಲಿ "ಮುನ್ನೂಡಿ" ಅಂತ ಇದ್ದರೆ ಅಳಿಯ ಏನು ಮಾಡುತ್ತಾನೆ? ಕ್ಯಾನು ತಂದು ಊಡುತ್ತಾನೆ!

ಫಿಟ್ಟರ್‌ಗಳು ಇದಕ್ಕೆ "ಏರ್ ತಗಿ" ಅನ್ನುತ್ತಾರೆ. ಅಷ್ಟೇ. "ಗಾಳಿ ತೆಗೆಯಿರಿ" ಅಂತ ತಿದ್ದಲು ಹೋಗಬೇಡಿ, ಟೈರ್ ಕಡೆ ಹೋದಾರು. ನಮ್ಮ ಕಡೆ ಗಾಲಿಯಲ್ಲಿರುವುದು ಹವಾ, ಪೈಪಿನಲ್ಲಿ ಹಿಡಿಯುವುದು ಏರ್, ಹೊಲದಲ್ಲಿ ಬೀಸುವುದು ಗಾಳಿ. ಘಟಪ್ರಭೆ ದಂಡೆಯ ಪಂಪ್‌ಸೆಟ್ಟಿಗೂ "ಏರ್ ಹಿಡಿದೈತಿ" ಅಂತಲೇ ಹೇಳೋದು. ಮೂರೂ ಒಂದೇ ವಸ್ತು, ಆದರೆ ಮೂರು ಬೇರೆ ಕೆಲಸ. ಯಾರಿಗೂ ಗೊಂದಲ ಇಲ್ಲ.

ಬಾಗಲಕೋಟೆಯಿಂದ:

ಮೂರು ಬಾಶೆಯಿಂದ ಸಾಲ ಮಾಡಿದ್ದಕ್ಕೆ ಹೆಮ್ಮೆ ಬೇರೆ. ಹೀಗೇ ಬಿಟ್ಟರೆ ನಾಳೆ ಕನ್ನಡದಲ್ಲಿ "ಮಾಡು", "ಆಗು" ಎರಡೇ ಉಳಿಯುತ್ತವೆ. ಫಿಲ್ಟರ್ ಚೇಂಜ್ ಮಾಡು, ಇಂಜಿನ್ ಸ್ಟಾರ್ಟ್ ಮಾಡು. ಇದಕ್ಕೆ ಅರ್ತ ಇದೆಯೇ?

ಗೋಕಾಕದಿಂದ:

ಮೂರಲ್ಲ, ಎರಡೇ ಸಾಲ. ಗಾಳಿ ನಮ್ಮದೇ. ನಿಮ್ಮ "ಅರ್ತ" ಮಾತ್ರ ತಿಳಿಯಲಿಲ್ಲ, ಅರ್ಥ ತಿಳಿಯಿತು.

ವಿಜಯಪುರದಿಂದ:

ಮಹಾಪ್ರಾಣ ಬೇಕೋ ಬೇಡವೋ ಅನ್ನುವ ಬರಹದ ಜಗಳ ಇಲ್ಲಿ ಬೇಡ, ಕಳೆದ ಸಲ ಮೂರು ವಾರ ಹಿಡಿಯಿತು.

ಆದರೆ ಬಾಗಲಕೋಟೆಯವರಿಗೆ ಒಂದು ಮಾತು. ಇಂಧನ ಬೇಡ, ಉರುವಲೇ ಬೇಕು ಅಂತೀರಿ. ಸಂಸ್ಕೃತದಲ್ಲಿ ಇಂಧನವೂ ಮೂಲದಲ್ಲಿ ಉರಿಸುವ ಕಟ್ಟಿಗೆಯೇ. ಅದು ಕಟ್ಟಿಗೆಯಿಂದ ಡೀಸೆಲ್‌ವರೆಗೆ ನಡೆದು ಬಂತು, ಉರುವಲು ಒಲೆ ಮುಂದೆಯೇ ಕೂತಿತು. ನಾವು ಕರೆಯಲಿಲ್ಲ, ಅದು ಬರಲಿಲ್ಲ. ಫಿಲ್ಟರ್ ಅನ್ನುವ ಪದವೂ ಫೆಲ್ಟ್‌ನಿಂದ ಬಂದದ್ದು. ಒತ್ತಿ ಮಾಡಿದ ಉಣ್ಣೆಬಟ್ಟೆ. ಅದರಲ್ಲಿ ಸೋಸುತ್ತಿದ್ದರು. ನಮ್ಮಲ್ಲಿ ಅರಿವೆ, ಅವರಲ್ಲಿ ಉಣ್ಣೆ. ಇಷ್ಟೇ ವ್ಯತ್ಯಾಸ.

ಇನ್ನು ಸಾಲದ ಮಾತು. ನೀವು ತಿಂಗಳಿಗೊಮ್ಮೆ ಎಣಿಸುವ ಪಗಾರ ಪೋರ್ಚುಗೀಸ್. ಮನೆಗೆ ಹಾಕುವ ಚಾವಿ ಪೋರ್ಚುಗೀಸ್. ಪಲ್ಯದ ಬಟಾಟಿಯೂ ಅದೇ. ವಾಪಸ್ ಕೊಡೋಣವಾ?

ಬಾಗಲಕೋಟೆಯಿಂದ:

ಪಗಾರ ಬೇಡ ಎಂದು ನಾನು ಹೇಳಿಲ್ಲ. ಸಂಬಳ ಎನ್ನಿ ಎಂದೇನೆ.

ಬೆಳಗಾವಿಯಿಂದ:

ದಯವಿಟ್ಟು. ಐದೂಮುಕ್ಕಾಲು ಆಯಿತು.

ಹೀಗೆ ಮಾಡಿದೆ. ತಲೆಬರಹದಲ್ಲಿ "ಡೀಸೆಲ್ ಫಿಲ್ಟರ್". ಗಾಡಿ ಡೀಸೆಲ್‌ದೇ ಆದಮೇಲೆ ಇಂಧನವೂ ಬೇಡ, ಉರುವಲೂ ಬೇಡ. ಮೊದಲ ಸಾಲಿನಲ್ಲಿ ಒಂದೇ ಸಲ "ಡೀಸೆಲ್ ಸೋಸುವ ಡಬ್ಬಿ" ಅಂತ ಬಿಡಿಸಿ ಹೇಳಿದ್ದೇನೆ. ಸೋಸು ಉಳಿಯಿತು ಅಂತ ಬಾಗಲಕೋಟೆಯವರು ಸಮಾಧಾನ ಮಾಡಿಕೊಳ್ಳಲಿ. ಗಾಳಣಿ ಬಂದಿಲ್ಲ, ಮಾಸ್ತರ್ ಕ್ಷಮಿಸಬೇಕು. ಏಳನೇ ಸಾಲು ಹೀಗಿದೆ: "ಹೊಸ ಫಿಲ್ಟರಿಗೆ ಕ್ಯಾನಿನಿಂದ ಡೀಸೆಲ್ ಸುರಿಯಬೇಡಿ. ರಬ್ಬರ್ ಗುಂಡಿ ಗಟ್ಟಿಯಾಗುವ ತನಕ ಒತ್ತಿ ಏರ್ ತೆಗೆಯಿರಿ." ಹುಡುಗನಿಗೆ ಓದಿಸಿದೆ. ನಗಲಿಲ್ಲ.

"ಪಿಕಪ್‌ನ ಪಿಕಪ್ ಕಡಿಮೆಯಾದರೆ" ಅಂತ ಒಂದು ಸಾಲು ಇತ್ತು. ಅದನ್ನು "ಗಾಡಿ ಏರು ಹತ್ತದಿದ್ದರೆ" ಅಂತ ಬದಲಿಸಿದೆ.

ಬಾಗಲಕೋಟೆಯಿಂದ:

ಫಿಲ್ಟರಿಗೆ ಎಂದಿದ್ದೀರಿ, ಸರಿ. ಅಲ್ಲಿ ಉಕಾರ ಸೇರಿ ಫಿಲ್ಟರು ಆಗಿದೆ, ಬಸ್ಸು, ಕಾರಿನ ಹಾಗೆ. ಮತ್ತೆ ತಲೆಬರಹದಲ್ಲಿ ಫಿಲ್ಟರ್ ಎಂದು ಏಕೆ ನಿಲ್ಲಿಸಿದಿರಿ? ಫಿಲ್ಟರು ಎಂದೇ ಬರೆಯಬೇಕು.

ಬೆಳಗಾವಿಯಿಂದ:

ಪ್ರೆಸ್ಸಿಗೆ ಹೋಯಿತು.