‘ಟೈಟರ್’ಗೆ ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಜ್ವರ ಬಿಡದಿದ್ದ ನಮ್ಮ ದೊಡ್ಡಮ್ಮನಿಗೆ ಮೊನ್ನೆ ಟೈಫಾಯಿಡ್ ಇದೆಯೇ ಎಂದು ನೋಡುವ ವಿಡಾಲ್ ರಕ್ತಪರೀಕ್ಷೆ ಮಾಡಿಸಿದೆವು. ವರದಿಯಲ್ಲಿ ‘ಓ’ ಎದುರು 1:80, ‘ಎಚ್’ ಎದುರು 1:160 ಎಂದಿತ್ತು. ಓ, ಎಚ್ ಎಂದರೆ ಟೈಫಾಯಿಡ್ ಬ್ಯಾಕ್ಟೀರಿಯಾದ ಎರಡು ಬೇರೆ ಬೇರೆ ಅಂಶಗಳು; ಅವುಗಳ ಎದುರಿನ ಅಂಕಿಯೇ ಟೈಟರ್. ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿ, “ನೂರ ಅರವತ್ತರಲ್ಲಿ ಒಂದು ಪಾಲು ಅಂದರೆ ಎಂಬತ್ತರಲ್ಲಿ ಒಂದಕ್ಕಿಂತ ಕಡಿಮೆ, ಅಲ್ಲವೇನೋ?” ಎಂದರು. ಭಿನ್ನರಾಶಿಯ ಲೆಕ್ಕದಲ್ಲಿ ಅವರ ಮಾತು ಸರಿ. ವರದಿಯ ಅರ್ಥ ಮಾತ್ರ ಅದಕ್ಕೆ ತಿರುಗುಮುರುಗು. ಬಿಡಿಸಿ ಹೇಳಲು ಹೊರಟರೆ ನನ್ನಲ್ಲಿ ಪದವೇ ಇರಲಿಲ್ಲ. ಕೊನೆಗೆ ಮಜ್ಜಿಗೆಯ ಮೊರೆ ಹೋದೆ: ಎಷ್ಟು ಹುಳಿ ಮಜ್ಜಿಗೆಯೋ ಅಷ್ಟು ಹೆಚ್ಚು ನೀರು ಬೆರೆಸಿದ ಮೇಲೂ ನಾಲಿಗೆಗೆ ಹುಳಿ ತಿಳಿಯುತ್ತದೆ.

ಪ್ರನಾಳದಲ್ಲಿ ನಡೆಸುವ ವಿಡಾಲ್ ಪರೀಕ್ಷೆಯ ಬಗೆಯೂ ಇದೇ. ರಕ್ತದ ತಿಳಿಯನ್ನು, ಅಂದರೆ ಸೀರಮ್ಮನ್ನು, 1:20, 1:40, 1:80 ಎಂದು ಪ್ರತಿ ಸಲವೂ ಇಮ್ಮಡಿ ತೆಳುವಾಗಿಸುತ್ತಾ ಹೋಗಿ, ಒಂದೊಂದಕ್ಕೂ ಸತ್ತ ಟೈಫಾಯಿಡ್ ಬ್ಯಾಕ್ಟೀರಿಯಾ ಬೆರೆಸುತ್ತಾರೆ. ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳು ತಿಳಿಯಲ್ಲಿದ್ದರೆ ಆ ಬ್ಯಾಕ್ಟೀರಿಯಾಗಳು ಒಂದಕ್ಕೊಂದು ಅಂಟಿಕೊಂಡು ಗುಂಪುಗಟ್ಟುತ್ತವೆ. ಹೀಗೆ ಗುಂಪುಗಟ್ಟಿದ್ದು ಕಾಣುವ ಕಟ್ಟಕಡೆಯ ತೆಳುವೇ ಟೈಟರ್.

ಪತ್ರಿಕೆಗಳು ‘ಪ್ರತಿಕಾಯಗಳ ಮಟ್ಟ’ ಎಂದು ಬರೆಯುತ್ತವೆ. ರಕ್ತದ ಸಕ್ಕರೆಯಂತೆ ಮಿಲಿಗ್ರಾಂ ಲೆಕ್ಕದಲ್ಲಿ ಸಿಗುವುದಕ್ಕೆ ‘ಮಟ್ಟ’ ಚೆನ್ನಾಗಿ ಒಪ್ಪುತ್ತದೆ. ಇಲ್ಲಿ ತೂಕವಿಲ್ಲ, ಎಲ್ಲಿಯವರೆಗೆ ತಾಳಿತು ಎಂಬುದಷ್ಟೇ ಇದೆ. ಸರಿಯಾದ ಪದವಿಲ್ಲದ್ದರಿಂದ “ಟೈಫಾಯಿಡ್ ನೂರ ಅರವತ್ತಿದೆ” ಎಂದು ಜನ ಕಾಯಿಲೆಯನ್ನೇ ಅಳೆದವರಂತೆ ಮಾತನಾಡುತ್ತಾರೆ. ಇದು ನನಗೆ ನಿಜಕ್ಕೂ ಸಂಕಟದ ವಿಷಯ. ಹಳೆಯ ಸೋಂಕು ಅಥವಾ ಲಸಿಕೆಯಿಂದ ಉಳಿದ ಪ್ರತಿಕಾಯಗಳೂ ಇದೇ ಅಂಕಿಯನ್ನು ಕೊಡಬಲ್ಲವು. ಆದ್ದರಿಂದಲೇ ಒಂದೇ ವರದಿಯನ್ನು ನೆಚ್ಚದೆ, ಕೆಲವು ದಿನಗಳ ಅಂತರದಲ್ಲಿ ತೆಗೆದ ಎರಡು ಮಾದರಿಗಳ ನಡುವೆ ಟೈಟರ್ ನಾಲ್ಕು ಪಟ್ಟು ಏರಿದೆಯೇ ಎಂದು ನೋಡಬೇಕು. ರಕ್ತವನ್ನು ಕಲ್ಚರ್‌ಗೆ ಹಾಕಿ ಬ್ಯಾಕ್ಟೀರಿಯಾವನ್ನೇ ಬೆಳೆಸಿ ಗುರುತಿಸುವುದು ಇನ್ನೂ ಖಚಿತ.

‘ಪ್ರತಿಕಾಯ’ದ ಬಗ್ಗೆ ನನ್ನ ತಕರಾರಿಲ್ಲ. ಜರ್ಮನಿಯ ವಿಜ್ಞಾನಿ ಪಾಲ್ ಎರ್ಲಿಕ್ 1891ರಲ್ಲಿ ಬಳಸಿದ ಜರ್ಮನ್ ಪದ ‘ಆಂಟಿಕೋರ್ಪರ್’. ‘ಕೋರ್ಪರ್’ ಎಂದರೆ ಕಾಯವೇ. ಟೈಟರ್‌ನ ಮೂಲವಾದ ಫ್ರೆಂಚ್ ‘ತೀತ್ರ್’ಗೆ ಚಿನ್ನ ಬೆಳ್ಳಿಗಳ ಅಪ್ಪಟತನದ ಅಳತೆ ಎಂಬ ಅರ್ಥವೂ ಇದೆ. ಅಲ್ಲಿಂದ ನಮ್ಮ ‘ಒರೆ’ ಒಂದೇ ಹೆಜ್ಜೆ. ‘ಒರೆಮಟ್ಟ’ ಎನ್ನಬಹುದೇ? ಅಥವಾ ಕೆಲಸವನ್ನೇ ಹೇಳುವ ‘ತೆಳುಮಿತಿ’? ನನ್ನ ಒಲವು ಎರಡನೆಯದರ ಕಡೆಗೆ. ತೆಳುವಾದದ್ದಕ್ಕೆ ಪಠ್ಯಪುಸ್ತಕ ಬಳಸುವ ‘ಸಾರರಿಕ್ತ’ದಿಂದ ಹೊಸ ಪದ ಕಟ್ಟಿದರೆ ಅದು ದೊಡ್ಡಮ್ಮನನ್ನು ಮುಟ್ಟಲಾರದು.

ಪ್ರಯೋಗಾಲಯಗಳಲ್ಲಿ ಕೆಲಸ ಮಾಡುವವರು ಇಲ್ಲಿದ್ದರೆ ಇನ್ನೊಂದು ಪ್ರಶ್ನೆ: 1:160 ಎಂಬುದನ್ನು ರೋಗಿಗಳಿಗೆ ಕನ್ನಡದಲ್ಲಿ ಹೇಗೆ ಓದಿ ಹೇಳುತ್ತೀರಿ? ‘ಒಂದಕ್ಕೆ ನೂರ ಅರವತ್ತು’ ಎಂದೋ, ಬರೀ ‘ನೂರ ಅರವತ್ತು’ ಎಂದೋ?